ಒಂದು ಗೇಣು ಗಾಳಿ

೧೯೮೩, ಜೂನ್ ೧೧, ಶನಿವಾರ

ಮಳೆಗಾಲ ಶುರುವಾಯಿತೆಂದು ರೇಡಿಯೊದಲ್ಲಿ ಹೇಳಿದರು. ನನ್ನ ಮಂಡಿ ಅದನ್ನು ನಿನ್ನೆಯೇ ಹೇಳಿತ್ತು.

ಒಸಾಕಾದಿಂದ ಟೋಕಿಯೋಗೆ ಸಾಮಾನಿನ ಕೊನೆಯ ಕಂತು ಬಂತು. ಆರು ಚಾಪೆ ಹಾಸಿದರೆ ಮುಗಿದುಹೋಗುವ ಕೋಣೆ ಇದು. ಪೆಟ್ಟಿಗೆಗಳನ್ನು ಒಳಗಿಟ್ಟ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದೂವರೆ ಚಾಪೆ. ಹೆಂಡತಿ ಫುಸಾ ತೀರಿಕೊಂಡು ನಾಲ್ಕು ತಿಂಗಳಾಯಿತು. ಈಗಲೂ ಮನೆಯ ಮುಕ್ಕಾಲು ಪಾಲು ಅವಳದೇ.

ಒಂದು ಆಂಪ್ಲಿಫೈಯರ್, ಗಾಜಿನ ವಾಲ್ವುಗಳದ್ದು, ಹೊರಲು ಇಬ್ಬರು ಬೇಕು. ಒಂದು ರೆಕಾರ್ಡ್ ಪ್ಲೇಯರ್. ಒಂದು ರೀಲಿನ ಟೇಪ್ ರೆಕಾರ್ಡರ್. ನನ್ನ ಸೊಂಟದೆತ್ತರದ ಎರಡು ಸ್ಪೀಕರ್. ಅಂಗಡಿಯ ಗೋಡೆಯಲ್ಲಿದ್ದ ಕರೆಂಟಿನ ಗಡಿಯಾರ. ಹನ್ನೆರಡು ಕಾಫಿ ಕಪ್ಪು. ಇಪ್ಪತ್ತೆಂಟು ವರ್ಷ ನಡೆಸಿದ ಅಂಗಡಿಯಲ್ಲಿ ಉಳಿದದ್ದು ಇಷ್ಟು. ಜನ ಒಂದು ಕಪ್ಪು ಕಾಫಿ ತೆಗೆದುಕೊಂಡು, ಎರಡು ಗಂಟೆ ತುಟಿ ಬಿಚ್ಚದೆ ಕೂತು ರೆಕಾರ್ಡು ಕೇಳಿ ಹೋಗುವ ಅಂಗಡಿ. ರೆಕಾರ್ಡು ಹಾಕುವವಳು ಅವಳು. ಪರದೆಯ ಹಿಂದೆ ಕಪ್ಪು ತೊಳೆಯುವವನು ನಾನು. ಬೋರ್ಡಿನ ಮೇಲೆ ಅವಳ ಹೆಸರು, ನನ್ನ ಬೆರಳ ತುದಿಯಲ್ಲಿ ನೀರಿನ ಸುಕ್ಕು.

ತಂಗಿ ಕಿಯೊ ನೋಡಲು ಬಂದವಳು ಬಾಗಿಲಲ್ಲೇ ನಿಂತಳು.

“ಅಣ್ಣಾ, ಈ ಮನೇಲಿ ಬಾಡಿಗೆಗಿರೋದು ನೀನೋ, ಈ ಡಬ್ಬಗಳೋ?”

“ಡಬ್ಬಗಳು. ನಾನು ಕಾವಲುಗಾರ.”

“ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊ. ಹಾಡು ಅಂದ್ರೆ ನಿನಗೆ ಮೊದಲಿಂದ್ಲೂ ಅಷ್ಟಕ್ಕಷ್ಟೇ.”

ಅದು ಸುಳ್ಳಲ್ಲ. ನಾಲ್ಕು ಸಾವಿರ ರೆಕಾರ್ಡುಗಳನ್ನು ಹಳೆಯ ಗಿರಾಕಿಗಳಿಗೆ ಹಂಚಿ ಹತ್ತನ್ನು ಮಾತ್ರ ತಂದಿದ್ದೇನೆ. ಆದರೆ ಒಂದು ಟೇಪಿದೆ. ಟೇಪ್ ರೆಕಾರ್ಡರ್ ಹೊಸದಾಗಿ ಬಂದ ದಿನ ಪರೀಕ್ಷೆಗೆಂದು ಫುಸಾ ಅದರೊಳಗೆ ಮಾತಾಡಿದ್ದಳು. ಅವಳ ದನಿ ಉಳಿದಿರುವುದು ಅದೊಂದರಲ್ಲೇ. ಆ ಐದು ನಿಮಿಷಕ್ಕಾಗಿ ಈ ಸಂಸಾರವೆಲ್ಲ ಬೇಕು.

ಜೂನ್ ೧೪, ಮಂಗಳವಾರ

ಹಾಸಿಗೆ ಇಡುವ ಗೋಡೆಗೂಡನ್ನು ಖಾಲಿ ಮಾಡಿ, ಕೆಳಗೆ ಆಂಪ್ಲಿಫೈಯರ್, ಅದರ ತಲೆಯ ಮೇಲೆ ಟೇಪ್ ರೆಕಾರ್ಡರ್, ಅದರ ಮೇಲೆ ರೆಕಾರ್ಡ್ ಪ್ಲೇಯರ್ ಇಟ್ಟೆ. ಹಾಸಿಗೆ ಸುತ್ತಿ ಪಕ್ಕದ ಸಂದಿಗೆ ತುರುಕಿದೆ. ಸ್ಪೀಕರುಗಳು ಕಿಟಕಿಯ ಆಚೀಚೆ ದ್ವಾರಪಾಲಕರ ಹಾಗೆ ನಿಂತವು. ಕಾಲು ಚಾಚಲು ಜಾಗವಾಯಿತು. ಎಲ್ಲಿ ಏನಿಡಬೇಕೆಂದು ಇಷ್ಟು ವರ್ಷ ಅವಳನ್ನು ಕೇಳುತ್ತಿದ್ದವನು ನಾನೇ ಎಲ್ಲ ಜೋಡಿಸಿದೆನಲ್ಲ ಎಂದು ಸ್ವಲ್ಪ ಬೀಗಿದೆ.

ಒಂದು ರೆಕಾರ್ಡು ಹಾಕಿದೆ. ಮದುವೆ ಮನೆಯಲ್ಲಿ ಕುಣಿಯುವ ಹಾಡು ಅದು. ಹೆಣದ ಹಿಂದೆ ನಡೆಯುವವರ ಹಾಡಿನಂತೆ ಕೇಳಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮನಸ್ಸು ಹೀಗಿರುವಾಗ ಹಾಡನ್ನು ಅಂದು ಏನು ಫಲ.

ಅರ್ಧ ಗಂಟೆಯಾಗಿರಲಿಲ್ಲ, ಕೆಳಗಿನಿಂದ ಮನೆಯ ಒಡತಿ ಮುರೋಯ್ ಅಜ್ಜಿ ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಬಂದರು.

“ಟೊಕುಜಿ ಅವರೇ, ಏನ್ ಸುಡ್ತಿದೀರಾ?”

“ಏನೂ ಇಲ್ವಲ್ಲ. ಹಾಡು ಕೇಳ್ತಿದೀನಿ.”

“ಹಾಡಿಗೆ ಸುಟ್ಟ ವಾಸನೆ ಬರುತ್ತಾ?”

ಗೂಡಿನ ಬಾಗಿಲು ಸರಿಸಿದರೆ ಒಳಗಿನ ಧಗೆ ಮುಖಕ್ಕೆ ಹೊಡೆಯಿತು. ಹಾಸಿಗೆಯ ಅಂಚು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಅಜ್ಜಿ ಆ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು.

“ಯುದ್ಧದಲ್ಲಿ ಈ ಬೀದಿ ಪೂರ್ತಿ ಉರೀತು. ನಾನು ನದಿಗೆ ಹಾರಿ ಬದುಕಿದೋಳು. ನನ್ನಕ್ಕ ಹಾರ್ಲಿಲ್ಲ. ಇದು ಮರದ ಮನೆ, ಟೊಕುಜಿ ಅವರೇ. ಎರಡನೇ ಸಲ ಹಾರೋಕೆ ನನ್ ಕೈಲಾಗಲ್ಲ.”

ಬಾಗಿ ಕ್ಷಮೆ ಕೇಳಿದೆ. ಇನ್ನೊಂದು ಸಲ ವಾಸನೆ ಬಂದರೆ ಯಂತ್ರ ಮನೆಯಲ್ಲಿರಬಾರದು ಎಂದು ಹೇಳಿ ಹೋದರು. ಕೋಪದಲ್ಲಿ ಹೇಳಿದ್ದರೆ ಸಹಿಸಬಹುದಿತ್ತು. ಮೆಲ್ಲಗೆ ಹೇಳಿದರು.

ಜೂನ್ ೧೯, ಭಾನುವಾರ

ಫುಸಾ ಹೇಳುತ್ತಿದ್ದದ್ದು ಈಗ ನೆನಪಾಯಿತು. ಅಂಗಡಿಯಲ್ಲಿ ಯಾರಾದರೂ ಆಂಪ್ಲಿಫೈಯರಿನ ಮೇಲೆ ಟೋಪಿ ಇಟ್ಟರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದಳು. “ಮ್ಯಾಲ ಒಂದು ಗೇಣ ಗಾಳಿ ಬಿಡ್ರೀ! ಅದಕ್ಕೂ ಉಸರಾಡಾಕ ಬೇಕಲ್ಲ?” ಒಸಾಕಾದ ಮಾತು. ಅಷ್ಟು ವರ್ಷ ಅಲ್ಲಿದ್ದರೂ ನನ್ನ ನಾಲಿಗೆಗೆ ಆ ಮಾತನ್ನು ಹತ್ತಗೊಡಲಿಲ್ಲ. ಅದೊಂದು ನನ್ನ ಹಟ.

ಮೂರನ್ನೂ ಗೂಡಿನಿಂದ ಹೊರತೆಗೆದು ಬೇರೆ ಬೇರೆ ಇಟ್ಟೆ. ಆಂಪ್ಲಿಫೈಯರಿಗೆ ಕೆಳಗಿನಿಂದಲೂ ಗಾಳಿಯಾಡಲೆಂದು ನಾಲ್ಕು ಕಾಫಿ ಕಪ್ಪುಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂರಿಸಿದೆ. ದಪ್ಪ ಪಿಂಗಾಣಿ, ತಡೆದುಕೊಂಡಿತು. ನನ್ನ ಹಾಸಿಗೆಗೆ ಉಳಿದ ಜಾಗದಲ್ಲಿ ಇನ್ನು ಮೇಲೆ ಮಗ್ಗುಲಾಗಿಯೇ ಮಲಗಬೇಕು.

ಆಮೇಲೆ ಟೇಪು ಹಾಕಿದೆ. ಅವಳು ಹೋದ ಮೇಲೆ ಇದೇ ಮೊದಲು.

“ಒಂದು... ಎರಡು...” ಎಂದಳು.

ನಿಲ್ಲಿಸಿಬಿಟ್ಟೆ.

ಕಳೆದ ಸೆಪ್ಟೆಂಬರಿನಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದ ಮೇಲಿನ ದನಿ ಅದು. ಭಾರವಾದ, ಎಳೆದೆಳೆದು ಬರುವ, ನಾಲಿಗೆ ಹೊರಳದ ದನಿ. ಐದು ತಿಂಗಳು ಆ ದನಿಯಲ್ಲಿ ನೀರು ಕೇಳಿದಳು, ಹೊದಿಕೆ ಕೇಳಿದಳು. ಟೇಪಿನಲ್ಲಿ ಅವಳಿಗೆ ಮೂವತ್ತೊಂದು ವಯಸ್ಸು. ಚುರುಕಾಗಿ, ಸಾಸಿವೆ ಸಿಡಿದಂತೆ ಮಾತಾಡುತ್ತಿದ್ದವಳು. ಆ ದನಿ ಎಲ್ಲಿ ಹೋಯಿತು? ಟೇಪಿಗೂ ವಯಸ್ಸಾಗುತ್ತದೆಯೇ? ಅಥವಾ ನನ್ನ ಕಿವಿಯೇ ಆ ಐದು ತಿಂಗಳಲ್ಲಿ ಕೆಟ್ಟುಹೋಗಿ ಅವಳನ್ನು ಬೇರೆ ರೀತಿ ಕೇಳಲಾರದಾಗಿದೆಯೇ?

ಜೂನ್ ೨೦, ಸೋಮವಾರ

ಮಳೆ. ಏನೂ ಮಾಡಲಿಲ್ಲ.

ಜುಲೈ ೨, ಶನಿವಾರ

ಅಂಗಡಿಯ ಗಡಿಯಾರವೂ ಕೆಟ್ಟಿದೆ. ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಎಲ್ಲವೂ ಯಜಮಾನನನ್ನೇ ಹೋಲುತ್ತಿವೆ.

ಆಂಪ್ಲಿಫೈಯರನ್ನು ಕಿಟಕಿಯ ಕೆಳಗೆ ಸರಿಸಿದೆ. ಮಳೆಯ ಎರಚಲು ಬಂತು. ಬಾಗಿಲ ಬಳಿ ಸರಿಸಿದೆ. ಕಿಯೊ ಎಡವಿದಳು. ಎಲ್ಲಿಟ್ಟರೂ ಅರ್ಧ ಗಂಟೆಯಲ್ಲಿ ಅದರ ಕಬ್ಬಿಣದ ಭಾಗ ಕೈ ಇಡಲಾಗದಷ್ಟು ಕಾಯುತ್ತದೆ. ಮೇಲೆ ಒಂದು ಗೇಣಲ್ಲ, ಮಾಡಿನವರೆಗೆ ಗಾಳಿ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹಾಡುತ್ತಿದ್ದ ಯಂತ್ರ. ಅಲ್ಲಿ ಅದರ ಪಕ್ಕದಲ್ಲೇ ಬೆಕ್ಕು ಮಲಗುತ್ತಿತ್ತು.

ಒಂದು ಮಾತು ಬರೆದುಬಿಡುತ್ತೇನೆ, ಓದುವವರು ಯಾರೂ ಇಲ್ಲವಲ್ಲ. ಇಪ್ಪತ್ತೆಂಟು ವರ್ಷ ಅವಳ ಊರಿನಲ್ಲಿ ಇದ್ದೆ. ನನ್ನಪ್ಪ ಸತ್ತಾಗ ಒಂದು ದಿನ, ಅಮ್ಮ ಸತ್ತಾಗ ಎರಡು ದಿನ ಟೋಕಿಯೋಗೆ ಬಂದು ಹೋದೆ. ನಿಮ್ಮೂರಿಗೆ ಹೋಗೋಣವೇ ಎಂದು ಒಮ್ಮೆಯೂ ಅವಳ ಬಾಯಿಂದ ಬರಲಿಲ್ಲ. ನಾನೂ ಕೇಳಲಿಲ್ಲ. ಕಪ್ಪು ತೊಳೆಯುತ್ತಾ ಕಾದೆ. ಕೊನೆಗೆ ಊರಿಗೆ ಬಂದೆ, ಒಬ್ಬನೇ. ಇದಕ್ಕೆ ಅವಳ ಮೇಲೆ ನನಗೆ ಸಿಟ್ಟಿದೆ. ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದು. ಅದಕ್ಕೂ ಈ ಕೋಣೆಯಲ್ಲಿ ಜಾಗವಿಲ್ಲ.

ಜುಲೈ ೧೩, ಬುಧವಾರ

ಸತ್ತವರು ಮನೆಗೆ ಬರುವ ಬೋನ್ ದಿನಗಳು. ಕಿಯೊಳ ಮನೆಗೆ ಹೋಗಲು ಒಂದು ಗಂಟೆ ತಡವಾಯಿತು. ಬೆಳಿಗ್ಗೆ ಸರಿಮಾಡಿಟ್ಟೆನಲ್ಲ ಎಂದು ಆ ಹಾಳು ಗಡಿಯಾರವನ್ನು ನಂಬಿ ಕೂತಿದ್ದೆ.

“ಸತ್ತವರೇ ನಿನಗಿಂತ ಮುಂಚೆ ಬಂದ್ರು ನೋಡು,” ಎಂದಳು ಕಿಯೊ. ಸವತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡಿ ಇಟ್ಟಿದ್ದಳು. ಹಿರಿಯರು ಬೇಗ ಬರಲೆಂದು. ಚಿಕ್ಕಂದಿನಲ್ಲಿ ನಾನೇ ಆ ಕುದುರೆ ಮಾಡುತ್ತಿದ್ದೆ. ಅಪ್ಪ, ಅಮ್ಮನ ಹೆಸರಿಗೆ ಊದುಬತ್ತಿ ಹಚ್ಚಿದೆ. ಮೂರನೆಯದನ್ನು ಕಿಯೊ ಕೈಗೆ ಕೊಟ್ಟಳು.

“ಇದು ಅತ್ತಿಗೆಗೆ.”

“ಬೇಡ. ಅವಳು ಈಗ ಬರಲ್ಲ. ಒಸಾಕಾದಲ್ಲಿ ಬೋನ್ ಬರೋದು ಆಗಸ್ಟಿನಲ್ಲಿ.”

“ನೀನು ಬಂದಿರೋದು ಟೋಕಿಯೋಗಲ್ವಾ ಅಣ್ಣ? ಇಲ್ಲಿ ಜುಲೈ.”

“ಬದುಕಿದ್ದಾಗ್ಲೇ ಬರಲಿಲ್ಲ. ಸತ್ತ ಮೇಲೆ ಒಂದು ತಿಂಗಳು ಮುಂಚೆ ಬರ್ತಾಳಾ?”

ಜೋರಾಗಿ ಹೇಳಿಬಿಟ್ಟೆ. ಕಿಯೊ ಆ ಬತ್ತಿಯನ್ನು ಕಾಗದದಲ್ಲಿ ಸುತ್ತಿ ನನ್ನ ಜೇಬಿಗೆ ಹಾಕಿದಳು.

ಜುಲೈ ೨೪, ಭಾನುವಾರ

ಮಳೆ ನಿಂತಿತು. ಬಿಸಿಲು ಬಂತು. ಕೋಣೆ ಕಾವಲಿಯಂತಾಗಿದೆ. ಫ್ಯಾನು ಆಂಪ್ಲಿಫೈಯರಿಗೆ, ಬೆವರು ನನಗೆ. ಹೀಗಿದ್ದರೂ ಹತ್ತೇ ನಿಮಿಷಕ್ಕೆ ಮತ್ತೆ ಆ ವಾಸನೆ. ಅಜ್ಜಿ ಮೇಲೆ ಬರಲಿಲ್ಲ. ಮೆಟ್ಟಿಲ ಕೆಳಗೆ ಒಂದು ಬಕೆಟ್ ನೀರು ತುಂಬಿ ಇಟ್ಟಿದ್ದರು. ಅದನ್ನು ನೋಡಿ ನಾಚಿಕೆಯಾಯಿತು. ನಾನೇ ಇಳಿದು ಹೋಗಿ, ಯಂತ್ರಗಳನ್ನು ಕೊಟ್ಟುಬಿಡುತ್ತೇನೆ ಎಂದೆ.

“ಹಿಂದಿನ ಬೀದೀಲಿ ನಿಶಿಗಾಕಿ ಅಂತ ಇದಾರೆ,” ಎಂದರು. “ಹಳೇ ಯಂತ್ರ ಅಂದ್ರೆ ಪ್ರಾಣ. ಹೆಂಡತಿ ಬಿಟ್ಟು ಹೋಗಿರೋದೇ ಅದಕ್ಕಂತೆ. ಹೇಳ್ತೀನಿ, ಬಂದು ತಗೊಂಡು ಹೋಗಲಿ.”

ಟೇಪನ್ನು ಇಟ್ಟುಕೊಳ್ಳಬೇಕೋ, ಅದನ್ನೂ ಕೊಡಬೇಕೋ? ಯಂತ್ರವಿಲ್ಲದ ಮೇಲೆ ಅದು ಬರೀ ಕಂದುಬಣ್ಣದ ಪಟ್ಟಿ. ಇಟ್ಟುಕೊಂಡರೂ ಅದರಲ್ಲಿರುವುದು ಕಾಯಿಲೆಯ ಫುಸಾ.

ಆಗಸ್ಟ್ ೭, ಭಾನುವಾರ

ನಿಶಿಗಾಕಿ ಬಂದ. ಐವತ್ತರ ಆಸುಪಾಸು. ಕೈಗಾಡಿ ತಂದಿದ್ದ. ಮೊದಲ ಮಾತಿಗೇ ತಿರುಗಿ ನೋಡಿದೆ. ಒಸಾಕಾದವನು!

“ಏನ್ರೀ ಅಣ್ಣಾರ, ಇಂಥಾ ಆಂಪ್ಲಿಫೈಯರ್ ಯಾರರ ಕೊಡತಾರೇನ್ರೀ? ಇದು ಕೈಲೆ ಕಟ್ಟಿದ್ದೈತಿ. ನಮ್ಮೂರಾಗ ಕಟ್ಟಿದ್ದು.”

“ಕೆಟ್ಟಿದೆ. ಎಲ್ಲಿಟ್ಟರೂ ಕಾಯುತ್ತೆ.”

“ಕಾಯ್ತೈತಿ?” ಸುತ್ತ ನೋಡಿದ. ಗೇಣು ಹಾಕಿ ಅಳೆದ. ಬೋರಲು ಕಪ್ಪುಗಳನ್ನು ನೋಡಿ ನಕ್ಕ. “ಜಾಗಾ ಚಲೋ ಬಿಟ್ಟೀರಿ. ಇಷ್ಟ ಗಾಳಿ ನನಗೂ ಯಾರೂ ಬಿಟ್ಟಿಲ್ಲ.” ಆಮೇಲೆ ಅವನ ಕಣ್ಣು ಗೋಡೆಗೆ ಹೋಯಿತು. ತನ್ನ ಕೈಗಡಿಯಾರ ನೋಡಿದ. ಮತ್ತೆ ಗೋಡೆ ನೋಡಿದ.

“ಈ ಗಡಿಯಾರ ತಾಸಿಗೆ ಹತ್ತ ಮಿನಿಟ್ ಹಿಂದ ಬೀಳತೈತೇನ್ರೀ?”

“ಹೌದು. ನಿಮಗೆ ಹೇಗೆ ಗೊತ್ತು?”

“ರೆಕಾರ್ಡ ಹಾಕಿದ್ರ ಎಲ್ಲಾ ಹಾಡೂ ಅತ್ತಂಗ ಕೇಳಸ್ತಾವು?”

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಿಶಿಗಾಕಿ ಚಾಪೆಯ ಮೇಲೆ ಕೂತು, ಹೊಟ್ಟೆ ಹಿಡಿದು ನಕ್ಕ. “ಅಣ್ಣಾರ, ಒಸಾಕಾದಿಂದ ಸಾಮಾನ ತಂದ್ರಿ. ಕರೆಂಟ್ ತರಲಿಲ್ಲ! ಫುಜಿ ನದಿ ಆಚೆ ಕಡೆ ಕರೆಂಟ್ ಸೆಕೆಂಡಿಗೆ ಅರವತ್ತ ಸಲ ಮಿಡೀತೈತಿ, ಈಚೆ ಕಡೆ ಐವತ್ತ. ಶುರುವಿಗೆ ಅವರು ಒಂದ ದೇಶದ ಯಂತ್ರ ತಂದ್ರು, ಇವರು ಒಂದ ದೇಶದ್ದು. ನೂರ ವರ್ಷಾಗಾಕ ಬಂತು, ಇನ್ನೂ ಕೂಡಿಲ್ಲ. ನಿಮ್ಮ ಮೋಟರು ಅರವತ್ತಕ್ಕ ತಿರಗೂವು. ಇಲ್ಲಿ ಐವತ್ತ ಸಿಕ್ರ ಕುಂಟತಾವು. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸೈತ ಅರವತ್ತಕ್ಕಂತನ ಸುತ್ತಿದ್ದು. ಐವತ್ತರಾಗ ಅದರ ಮೈ ಕಾಯೂದ. ಮಾಡಿ ಕಿತ್ತು ಗಾಳಿ ಬಿಟ್ರೂ ಕಾಯೂದ.”

“ಅಂದ್ರೆ ಕೆಟ್ಟಿಲ್ವಾ?”

“ಕೆಟ್ಟಿಲ್ರೀ. ಕುಣೀಲಾರದಾಕಿ ನೆಲ ಡೊಂಕ ಅಂದ್ಳಂತ ಅಂತಾರಲ್ಲ? ಇಲ್ಲಿ ಖರೇನ ನೆಲಾನ ಡೊಂಕ ಐತಿ.”

ಅರವತ್ತು ವರ್ಷದ ಗಂಡಸಿಗೆ ಇಷ್ಟು ತಿಳಿಯದೆಯೇ ಎಂದು ಯಾರಾದರೂ ಕೇಳಬಹುದು. ಊರು ಬಿಟ್ಟಾಗ ನನ್ನ ಬಳಿ ಇದ್ದದ್ದು ಒಂದು ಬಲ್ಬು. ಬಲ್ಬಿಗೆ ಊರಿನ ಭೇದವಿಲ್ಲ. ಆಮೇಲೆ ತಂತಿಗಳೆಲ್ಲ ಫುಸಾಳ ಪಾಲು, ನೀರು ನನ್ನ ಪಾಲು.

“ಮೋಟರಿನ ತಲೀಗೆ ಹಾಕೂ ರಾಟಿ ಬದಲೀ ಮಾಡಿದ್ರ ಓಟ ಸರಿ ಆಗತೈತಿ,” ಎಂದ. “ಐವತ್ತರ ರಾಟಿ ಒಂಚೂರು ದೊಡ್ಡದು. ಆದರ ಇಷ್ಟ ಹಳೇ ಯಂತ್ರದ್ದು ಈಗ ಎಲ್ಲಿ ಸಿಗಬೇಕ್ರೀ? ಕಂಪನಿನ ಮುಚ್ಚೇತಿ.” ಹೀಗೆ ಹೇಳುತ್ತಲೇ ಟೇಪ್ ರೆಕಾರ್ಡರನ್ನು ಮಗುಚಿದ.

ತಳದಲ್ಲಿ ಒಂದು ಲಕೋಟೆ ಅಂಟಿಸಿತ್ತು. ಒಳಗೆ ಎರಡು ಹಿತ್ತಾಳೆಯ ರಾಟೆ, ಎಣ್ಣೆ ಕಾಗದದಲ್ಲಿ ಸುತ್ತಿದ್ದವು. ಒಂದು ಟೇಪ್ ರೆಕಾರ್ಡರಿನದು, ಒಂದು ರೆಕಾರ್ಡ್ ಪ್ಲೇಯರಿನದು. ಲಕೋಟೆಯ ಮೇಲೆ ಫುಸಾಳ ಅಕ್ಷರ:

“ಟೋಕಿಯೋ ರಾಟಿ. ಅವರ ಊರಿಗೆ ಹೋಗಿ ಇರೂ ದಿನ ಹಾಕಬೇಕು. ಮರೀಬ್ಯಾಡ ಫುಸಾ.”

ಕೆಳಗೆ ತಾರೀಖು. ಅಂಗಡಿ ತೆರೆದ ಎರಡನೆಯ ವರ್ಷದ್ದು.

ನಿಶಿಗಾಕಿ ಲಕೋಟೆಯನ್ನು ಬೆಳಕಿಗೆ ಹಿಡಿದ. “ಕಾಗದ ಹಳೇದ್ರೀ. ಅಂಟಿಸಿದ ಪಟ್ಟಿ ಹೊಸಾದು. ನೋಡ್ರಿ, ಇನ್ನೂ ಬೆಳ್ಳಗೈತಿ. ಅಂಟು ಒಣಗಿದಂಗ ಒಣಗಿದಂಗ ಮತ್ತ ಮತ್ತ ಹಚ್ಯಾರ. ಯಾರ್ರೀ ಇವರು?”

“ನನ್ನ ಹೆಂಡತಿ,” ಎಂದೆ. ಆಮೇಲೆ ಅವನ ಮುಂದೆಯೇ ಅತ್ತೆ. ಸಾವಿನ ಮನೆಯಲ್ಲಿ ಅಳದವನು, ಚಿತೆಯ ಮುಂದೆ ಅಳದವನು, ಗುರುತಿಲ್ಲದ ಒಬ್ಬನ ಮುಂದೆ ಮೂಗು ಸೋರಿಸಿಕೊಂಡು ಅತ್ತೆ. ಅವನು ಸ್ಕ್ರೂ ಬಿಚ್ಚುತ್ತಿದ್ದ.

ಎರಡೂ ರಾಟೆಗಳನ್ನು ಅಲ್ಲೇ ಬದಲಾಯಿಸಿ, ಆಂಪ್ಲಿಫೈಯರನ್ನು ಮಾತ್ರ ಕೈಗಾಡಿಯಲ್ಲಿ ಒಯ್ದ. ಅದರ ಮುಂದೆ ಇನ್ನೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಹಾಕಿ ಕರೆಂಟಿನ ಒತ್ತಡವನ್ನು ಸ್ವಲ್ಪ ಇಳಿಸಿದರೆ ತಣ್ಣಗಿರುತ್ತದಂತೆ. ಹದಿಮೂರಕ್ಕೆ ತರುತ್ತೇನೆ ಎಂದ. ಗಡಿಯಾರಕ್ಕೆ ಮದ್ದಿಲ್ಲವಂತೆ. ಅದು ಒಸಾಕಾದ್ದಾಗಿಯೇ ಇರಲಿ ಎಂದೆ.

ಆಗಸ್ಟ್ ೮, ಸೋಮವಾರ

ಮರೆಯಬೇಡ ಎಂದು ತನಗೆ ತಾನೇ ಬರೆದುಕೊಂಡಿದ್ದಳು. ನನಗೆ ಹೇಳಲಿಲ್ಲ. ಹೇಳಿದರೆ ದಿನ ಗೊತ್ತು ಮಾಡಬೇಕಾಗುತ್ತಿತ್ತು. ಅಂಗಡಿ ಯಾವ ವರ್ಷ ಬಿಟ್ಟಿತು ನಮ್ಮನ್ನು?

ನಾನೂ ಹೇಳಲಿಲ್ಲವಲ್ಲ.

ಆಗಸ್ಟ್ ೧೦, ಬುಧವಾರ

ಮುರೋಯ್ ಅಜ್ಜಿಗೆ ಯಂತ್ರ ಮರಳಿ ಬರುವ ವಿಷಯ ಹೇಳಿದೆ. ಕಾಯಂಗಿಲ್ಲ, ಬೇಕಾದ್ರ ಕೈ ಇಟ್ಟ ನೋಡ್ರಿ ಎಂದೆ. ಅವರು ನನ್ನ ಮುಖ ನೋಡಿ, “ನೀವೂ ಒಸಾಕಾದೋರೇನಾ? ಇಷ್ಟು ದಿನ ಮಾತಲ್ಲಿ ಗೊತ್ತೇ ಆಗಿರಲಿಲ್ಲ,” ಎಂದರು. ಪಾಪ, ಕಿವಿ ಸರಿಯಿಲ್ಲವೆಂದು ಕಾಣುತ್ತದೆ.

ಆಗಸ್ಟ್ ೧೩, ಶನಿವಾರ

ಒಸಾಕಾದ ಬೋನ್. ಬೆಳಿಗ್ಗೆ ಸವತೆಕಾಯಿ ತಂದು ಕುದುರೆ ಮಾಡಿದೆ. ಅವಳ ಕಡೆ ಈ ಪದ್ಧತಿ ಕಂಡಿರಲಿಲ್ಲ. ನೋಡಿದ್ದರೆ ನಕ್ಕು ತಿಂದುಬಿಡುತ್ತಿದ್ದಳು. ಜುಲೈಯಲ್ಲಿ ಕಿಯೊ ಕೊಟ್ಟ ಊದುಬತ್ತಿ ಜೇಬಿನಲ್ಲೇ ಮುರಿದಿತ್ತು. ಎರಡು ತುಂಡನ್ನೂ ಹಚ್ಚಿದೆ.

ಹನ್ನೊಂದಕ್ಕೆ ನಿಶಿಗಾಕಿ ಆಂಪ್ಲಿಫೈಯರ್ ತಂದ. ಬರ್ರಿ, ಕುಂದರ್ರಿ ಎಂದೆ. ಕೂರಲಿಲ್ಲ. ಇಬ್ಬರೂ ಸೇರಿ ಅದನ್ನು ನಾಲ್ಕು ಕಪ್ಪುಗಳ ಮೇಲೆ ಇಟ್ಟೆವು. ಹಿಂದೆ ಗೋಡೆಗೆ ನಾಲ್ಕು ಬೆರಳು, ಮೇಲೆ ಒಂದು ಗೇಣು. ಅರ್ಧ ಗಂಟೆ ಚಾಲೂ ಮಾಡಿಟ್ಟೆವು. ಅಜ್ಜಿ ಮೇಲೆ ಬಂದು ಕಬ್ಬಿಣದ ಮೇಲೆ ಅಂಗೈ ಇಟ್ಟು, ಜ್ವರ ನೋಡುವಂತೆ ಕಣ್ಣು ಮುಚ್ಚಿದರು. “ಬೆಚ್ಚಗಿದೆ. ಅಷ್ಟೇ,” ಎಂದು ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗೆ ಬಕೆಟಿನ ನೀರನ್ನು ಗಿಡಗಳಿಗೆ ಚೆಲ್ಲುವ ಸದ್ದು ಕೇಳಿತು.

ನಿಶಿಗಾಕಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದ: “ನೀವೊಬ್ರ ಕೇಳ್ರಿ ಅಣ್ಣಾರ.”

ಚಹಾ ಮಾಡಿಕೊಂಡು ಕುಡಿದೆ. ಕಪ್ಪನ್ನು ತೊಟ್ಟಿಗಿಟ್ಟು ನಲ್ಲಿ ತಿರುಗಿಸಿದೆ. ನೀರು ಬೀಳುತ್ತಿರುವಾಗಲೇ ಟೇಪು ಹಾಕಿದೆ.

“ಒಂದು, ಎರಡು, ಮೂರು, ನಾಕು! ಕೇಳಸ್ತೈತೇನ? ಕೇಳಸ್ತೈತಿ. ಮುಳ್ಳ ಅಲ್ಲಾಡಾಕತ್ತೇತಿ ನೋಡ.”

ಫುಸಾ. ಮೂವತ್ತೊಂದು ವಯಸ್ಸಿನ ಫುಸಾ. ಸಾಸಿವೆ ಸಿಡಿದಂತೆ. ಆ ಐದು ತಿಂಗಳು ಎಲ್ಲೂ ಇಲ್ಲ.

ಟೇಪಿನಲ್ಲಿ ಅವಳ ದನಿಯ ಹಿಂದೆ ಏನೋ ಟಣ್ ಟಣ್ ಎನ್ನುತ್ತಿತ್ತು. ಏನೆಂದು ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು.

“ರೀ, ಟೊಕುಜಿಯವರ! ಆ ಕಪ್ಪ ತೊಳಿಯೂದ ಬಿಡ್ರಿ, ಟೇಪಿನ್ಯಾಗ ಬರಾಕತ್ತೇತಿ. ಬರ್ರಿ ಇಲ್ಲೆ, ಒಂದ ಗಳಿಗಿ ಕುಂದರ್ರಿ. ನಿಮ್ಮ ದನೀನೂ ಹಿಡಿಯೂಣು.”

ಟಣ್ ಟಣ್ ನಿಲ್ಲಲಿಲ್ಲ.

“ಬರಂಗಿಲ್ಲೇನ?”

ನಿಲ್ಲಲಿಲ್ಲ. ಅವಳು ನಕ್ಕಳು. ಯಾರಿಗೂ ಅಲ್ಲದೆ, ಟೇಪಿಗೆ ಮಾತ್ರ ಎಂಬಂತೆ ಸಣ್ಣಗೆ ಹೇಳಿದಳು: “ಕೇಳಂಗಿಲ್ಲ ಈ ಮನಶಾ. ಇರಲಿ. ಇನ್ನೊಮ್ಮೆ ಹಿಡಿಯೂಣು.”

ಆಮೇಲೆ ಮಾತಿಲ್ಲ. ಟೇಪು ಮುಗಿಯುವವರೆಗೆ ನಾನು ಕಪ್ಪು ತೊಳೆಯುವ ಸದ್ದು.

ಹೋಗಿ ನಲ್ಲಿ ನಿಲ್ಲಿಸಿದೆ. ಟೇಪನ್ನು ಹಿಂದಕ್ಕೆ ಸುತ್ತಿ, ಮತ್ತೆ ಮೊದಲಿನಿಂದ ಹಾಕಿ, ಬಂದು ಯಂತ್ರದ ಮುಂದೆ ಕೂತೆ. ಕೂತಿದ್ದೇನೆ ಎಂದು ಹೇಳಿದೆ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮಧ್ಯಾಹ್ನ ಕುಡಿದ ಚಹಾದ ಕಪ್ಪು ತೊಟ್ಟಿಯಲ್ಲೇ ಇದೆ. ತೊಳೆದಿಲ್ಲ.